ಪವರ್ ಕೇಳೋಕ್ಕೆ ಮುಂಚೆ ಕೆಲಸ ಕೇಳಿ

ನಮ್ಮ ಕನ್ನಡಕದ ಲೈನಲ್ಲಿ ಟ್ರೈನಿಂಗ್ ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಲೆನ್ಸ್ ಕಂಪನಿಯವರು ಹೋಟೆಲ್ ಹಾಲಲ್ಲಿ ಇಡೋ ಮೀಟಿಂಗು. ಹೊಸ ಕೋಟಿಂಗ್ ಬಂದಿದೆ, ಹೊಸ ಪ್ರೋಗ್ರೆಸಿವ್ (ಗೆರೆ ಇಲ್ಲದೆ ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸ್) ಡಿಸೈನ್ ಬಂದಿದೆ, ಇಷ್ಟು ಜೋಡಿ ಮಾರಿದ್ರೆ ಇಂಥ ಸ್ಕೀಮು, ಆಮೇಲೆ ಊಟ. ಅದು ಬೇಡ ಅಂತ ಹೇಳ್ತಿಲ್ಲ, ಹೊಸ ಲೆನ್ಸ್ ಬಗ್ಗೆ ನಮಗೆ ಗೊತ್ತಿರ್ಲೇಬೇಕು. ಆದ್ರೆ ಶಿವಮೊಗ್ಗದ ದುರ್ಗಿಗುಡಿಯಲ್ಲೋ ನೆಹರೂ ರೋಡಲ್ಲೋ ಸಾಗರದ ಪೇಟೆಯಲ್ಲೋ ಅಂಗಡಿ ಇಟ್ಕೊಂಡು ಕೂತಿರೋ ನಮ್ಮಂಥೋರ ಹತ್ರ ಜನ ಲೆನ್ಸ್ ಹೆಸ್ರು ಹೇಳ್ಕೊಂಡು ಬರಲ್ಲ, "ಕಣ್ಣು ಮಂಜಾಗಿದೆ, ಒಂಚೂರು ನೋಡ್ರಿ" ಅಂತ ಬರ್ತಾರೆ. ಹೊಸನಗರದ ಒಳಗಿನ ಹಳ್ಳಿಯಿಂದ ಬಸ್ ಹತ್ತೋರಿಗೆ ಕಣ್ಣಾಸ್ಪತ್ರೆಗೆ ಹೋಗೋದು ಅಂದ್ರೆ ಅವತ್ತಿನ ಕೂಲಿ ಹೋಯ್ತು, ಜೊತೆಗೆ ಬರೋ ಮಗಂದೋ ಮೊಮ್ಮಗಂದೋ ಕೆಲಸಾನೂ ಹೋಯ್ತು ಅಂತ ಲೆಕ್ಕ, ಹಂಗಾಗಿ ಮೊದಲು ಹತ್ತೋದು ನಮ್ಮ ಅಂಗಡಿ ಮೆಟ್ಲನ್ನೇ. ಅವರ ಕಣ್ಣನ್ನ ವರ್ಷಗಟ್ಟಲೆ ನಂತರ ಹತ್ತಿರದಿಂದ ನೋಡೋ ಮೊದಲ ಮನುಷ್ಯ ನಾನೇ ಆಗಿರಬಹುದು ಅನ್ನೋ ಯೋಚನೆ ಬಂದಾಗಿಂದ ನಂಗೆ ಈ ಕಲಿಕೆ ವಿಷಯ ತಲೆಯಿಂದ ಹೋಗ್ತಾನೇ ಇಲ್ಲ.

ಹಂಗಾಗಿ ಈಗ ನಾವು ಕೆಲವು ಅಂಗಡಿಯವರು, ಜೊತೆಗೆ ಆಪ್ಟೋಮೆಟ್ರಿ (ಕಣ್ಣು ಪರೀಕ್ಷೆ ಮಾಡಿ ಪವರ್ ಕೊಡೋ ಕೋರ್ಸ್) ಓದಿ ಬಂದಿರೋ ಕೆಲವು ಹುಡುಗ ಹುಡುಗೀರು ಸೇರ್ಕೊಂಡು ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಇಳಿಸಿ ಕ್ಲಾಸ್ ತರ ಮಾಡ್ಕೊಳ್ತಿದೀವಿ. ಕ್ಲಾಸ್ ಪೂರ್ತಿ ಕನ್ನಡದಲ್ಲೇ. ಇದು ದೊಡ್ಡ ವಿಷಯ ಯಾಕಂದ್ರೆ ರಾತ್ರಿ ಹೊತ್ತು ಬರೋ ವೆಬಿನಾರ್‌ಗಳೆಲ್ಲ ಇಂಗ್ಲಿಷಲ್ಲಿರ್ತವೆ, ಒಳ್ಳೆ ವಿಷಯಾನೇ ಹೇಳ್ತಾರೆ, ಆದ್ರೆ ನಮ್ಮ ಅಂಗಡಿಗಳಲ್ಲಿ ಫಿಟ್ಟಿಂಗ್ ಮಾಡೋ ಹುಡುಗರು ಎಸ್ಸೆಸ್ಸೆಲ್ಸಿನೋ ಪಿಯುಸಿನೋ ಮುಗಿಸಿ ಬಂದೋರು, ಕೈಯಲ್ಲಿ ಕೆಲಸ ಅದ್ಭುತವಾಗಿದೆ, ಆದ್ರೆ ಯಾಕೆ ಹಂಗೆ ಮಾಡ್ಬೇಕು ಅಂತ ಯಾರೂ ಕೂರಿಸ್ಕೊಂಡು ಹೇಳಿಲ್ಲ.

ಮೊದಲ ಕ್ಲಾಸಲ್ಲಿ ಮಾತಾಡಿದ್ದು ಅಡಿಕೆ ಸುಲಿಯೋರ ಬಗ್ಗೆ. ತೀರ್ಥಹಳ್ಳಿ ಕಡೆಯ ಒಬ್ಬರು ಅಮ್ಮ, ಅರವತ್ತು ದಾಟಿದ್ದಾರೆ, ಬೈಫೋಕಲ್, ಅಂದ್ರೆ ಮೇಲೆ ದೂರಕ್ಕೆ ಕೆಳಗೆ ಹತ್ತಿರಕ್ಕೆ ಪವರ್ ಇರೋ ಕನ್ನಡಕ, ಹಾಕ್ಕೊಂಡು ಬಂದಿದ್ರು. "ಪೇಪರ್ ಚೆನ್ನಾಗಿ ಕಾಣುತ್ತೆ ಮಾರಾಯ್ರೆ, ಕತ್ತಿ ಮಾತ್ರ ಸಮ ಕಾಣಲ್ಲ, ಕುತ್ಗೆ ಬೇರೆ ನೋವು" ಅಂದ್ರು. ಪವರ್ ಚೆಕ್ ಮಾಡಿದ್ರೆ ಎಲ್ಲಾ ಕರೆಕ್ಟಾಗೇ ಇದೆ, ಹತ್ತಿರದ ಅಡಿಷನ್, ಅಂದ್ರೆ ಹತ್ತಿರದ್ದು ನೋಡೋಕೆ ದೂರದ ಪವರ್ ಮೇಲೆ ಸೇರಿಸೋದು, +2.50. ಆಗ ಅವರನ್ನ ಕೆಳಗೆ ಕೂರಿಸಿ, ಅಡಿಕೆ ಸುಲಿಯೋ ಮೆಟ್ಟುಗತ್ತಿ ಮೇಲೆ ಕೂತಂಗೆ ಕೂತ್ಕೊಳ್ಳಿ ಅಂದೆ, ಕತ್ತಿ ತುದಿ ಎಲ್ಲಿ ಬರುತ್ತೋ ಅಲ್ಲಿ ನಮ್ಮ ಹುಡುಗ ಒಂದು ಪೆನ್ ಹಿಡ್ಕೊಂಡ, ಕಣ್ಣಿಂದ ಪೆನ್ನಿಗೆ ಟೇಪ್ ಹಿಡಿದ್ರೆ ಸುಮಾರು 52 ಸೆಂಟಿಮೀಟರ್. ಲೆಕ್ಕ ಸುಲಭ ಇದೆ, ಆ ವಯಸ್ಸಿಗೆ ಕಣ್ಣಿನ ಸ್ವಂತ ಫೋಕಸ್ ಶಕ್ತಿ ಹೆಚ್ಚುಕಮ್ಮಿ ಮುಗಿದೇ ಹೋಗಿರುತ್ತೆ, ಆಗ +2.50 ಅಡಿಷನ್‌ಗೆ ಸ್ಪಷ್ಟ ಕಾಣೋದು 100 ಭಾಗಿಸು 2.5, ಅಂದ್ರೆ 40 ಸೆಂಟಿಮೀಟರ್‌ನಲ್ಲಿ. 52ರಲ್ಲಿರೋ ಕತ್ತಿಯನ್ನ 40ಕ್ಕೆ ತರೋಕೆ ಅವರು ಇಡೀ ದಿನ ಕುತ್ತಿಗೆ ಮುಂದೆ ಚಾಚಿ, ಬೈಫೋಕಲ್‌ನ ಕೆಳಗಿನ ಕಿಟಕಿಯಲ್ಲಿ ನೋಡೋಕೆ ಗಲ್ಲ ಮೇಲೆತ್ತಿ ಕೂತಿರ್ತಾರೆ. ಅಡಿಕೆ ಸೀಸನ್ನಲ್ಲಿ ಬೆಳಗಿನ ಜಾವದಿಂದ ರಾತ್ರಿವರೆಗೆ. ಅವರಿಗೆ ಬೇಕಿದ್ದಿದ್ದು +2.00 ಸುತ್ತಮುತ್ತದ್ದು, ಅದೂ ಬೈಫೋಕಲ್ ಅಲ್ಲ, ಸುಲಿಯೋಕೆ ಅಂತಲೇ ಬೇರೆ ಒಂದು ಸಿಂಗಲ್ ವಿಷನ್ (ಇಡೀ ಲೆನ್ಸಿಗೆ ಒಂದೇ ಪವರ್ ಇರೋದು), ಕಡಿಮೆ ಬೆಲೆದೇ ಸಾಕು.

ಇದೇ ಲೆಕ್ಕಾನ ತಿರುಗಿಸಿ ಸೊರಬ ಸಾಗರದ ಗುಡಿಗಾರರಿಗೆ ಹಾಕಿ ನೋಡಿ. ಗಂಧದ ತುಂಡಿನ ಮೇಲೆ ಸಣ್ಣ ಉಳಿಯಲ್ಲಿ ಬಳ್ಳಿ ಕೆತ್ತೋರು ಕಣ್ಣಿಗೆ 30 ಸೆಂಟಿಮೀಟರ್ ಹತ್ರ ಹಿಡ್ಕೊಳ್ತಾರೆ, ಅಲ್ಲಿಗೆ +2.50 ಸಾಲೋದೇ ಇಲ್ಲ, +3.25 ಬೇಕಾಗುತ್ತೆ. ಇಬ್ಬರಿಗೂ ಒಂದೇ ವಯಸ್ಸು, ದೂರದ ಪವರೂ ಒಂದೇ ಇರಬಹುದು, ಆದ್ರೂ ಕನ್ನಡಕ ಬೇರೆ. ಓದೋ ಚಾರ್ಟ್ ಕೈಗೆ ಕೊಟ್ಟು ಕೆಳಗಿನ ಸಾಲು ಕಾಣ್ತಾ ಅಂತ ಕೇಳಿ ಮುಗಿಸೋ ಪದ್ಧತಿಯಲ್ಲಿ ಈ ವ್ಯತ್ಯಾಸ ಹೊರಗೆ ಬರೋದೇ ಇಲ್ಲ. ಅದಕ್ಕೇ ನಾನು ಹುಡುಗರಿಗೆ ಹೇಳೋದು, ಪವರ್ ಎಷ್ಟು ಅಂತ ಕೇಳೋಕ್ಕೆ ಮುಂಚೆ ಏನ್ ಕೆಲಸ ಮಾಡ್ತೀರಿ, ಎಲ್ಲಿ ಕೂತು ಮಾಡ್ತೀರಿ, ತೋರಿಸಿ ಅಂತ ಕೇಳಿ. ಟೈಲರ್, ಬಸ್ ಡ್ರೈವರ್, ಪಡಸಾಲೆಯಲ್ಲಿ ಹೂ ಕಟ್ಟೋರು, ಭದ್ರಾವತಿಯ ಲೇತ್ ಕೆಲಸದೋರು, ಪ್ರತಿಯೊಬ್ಬರ ದೂರ ಬೇರೆ. ಟೇಪ್ ಒಂದು ಜೇಬಲ್ಲಿರ್ಲಿ.

ಇದರಿಂದ ನಿಜವಾಗ್ಲೂ ಏನಾದ್ರೂ ಫರಕ್ ಆಗುತ್ತಾ ಅಂತ ಒಬ್ಬ ಹುಡುಗ ಕೇಳ್ದ, ಒಳ್ಳೆ ಪ್ರಶ್ನೆ. ಅಸ್ಸಾಮಿನ ಚಹಾ ತೋಟದಲ್ಲಿ ಒಂದು ಅಧ್ಯಯನ ಮಾಡಿದ್ರು, 2018ರಲ್ಲಿ ಪ್ರಕಟ ಆಯ್ತು, 40 ದಾಟಿದ 751 ಜನ ಕೆಲಸಗಾರರು, ಅದ್ರಲ್ಲಿ ಅರ್ಧ ಜನಕ್ಕೆ ಹತ್ತಿರದ ಕನ್ನಡಕ ಮೊದಲೇ ಕೊಟ್ರು, ಉಳಿದೋರಿಗೆ ಅಧ್ಯಯನ ಮುಗಿದ ಮೇಲೆ ಕೊಟ್ರು. ಕನ್ನಡಕ ಹಾಕಿದೋರು ದಿನಕ್ಕೆ ಕೀಳೋ ಎಲೆಯ ತೂಕದಲ್ಲಿ ಆದ ಏರಿಕೆ ಹಾಕದೇ ಇದ್ದೋರಿಗಿಂತ ಸುಮಾರು 22% ಹೆಚ್ಚು. ಬರೀ ಒಂದು ಚಾಳೀಸಿನ ಕನ್ನಡಕದಿಂದ! ನಮ್ಮಲ್ಲೂ ಸುಲಿದಷ್ಟಕ್ಕೆ ಕೂಲಿ ಅಲ್ವಾ, ಹಂಗಾಗಿ ಆ ಅಮ್ಮನ ಅಡಿಷನ್ ಅರ್ಧ ಪಾಯಿಂಟ್ ಆಚೀಚೆ ಆಗೋದು ಅವರ ಸಂಪಾದನೆ ವಿಷಯ, ಬೆರಳು ಕುಯ್ಕೊಳ್ಳೋ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ವರದಿ ಪ್ರಕಾರ ಚಾಳೀಸು ಬಂದೂ ಸರಿಯಾದ ಕನ್ನಡಕ ಸಿಗದೇ ಇರೋರು ಪ್ರಪಂಚದಲ್ಲಿ 82 ಕೋಟಿಗೂ ಮೇಲೆ. ಇದಕ್ಕೆ ಆಪರೇಷನ್ ಬೇಡ, ಔಷಧಿ ಬೇಡ, ನಾವು ಮಾಡೋ ಕೆಲಸಾನೇ ಸಾಕು.

ಎರಡನೇದು ಫಿಟ್ಟಿಂಗ್. ಇದನ್ನ ಬೋರ್ಡ್ ಮೇಲೆ ಬರೆದು ತೋರಿಸಿದಾಗ ನಮ್ಮ ಹುಡುಗರ ಮುಖ ನೋಡ್ಬೇಕಿತ್ತು. ಪ್ರೆಂಟಿಸ್ ನಿಯಮ ಅಂತ ಒಂದಿದೆ, ಲೆನ್ಸಿನ ಸೆಂಟರ್ ಕಣ್ಣಿನ ಪಾಪೆ ಎದುರು ಕೂರದೆ ಎಷ್ಟು ಸೆಂಟಿಮೀಟರ್ ಆಚೀಚೆ ಆಯ್ತೋ ಅದನ್ನ ಪವರ್‌ನಿಂದ ಗುಣಿಸಿದ್ರೆ ಅಷ್ಟು ಪ್ರಿಸಂ, ಅಂದ್ರೆ ಕಣ್ಣಿಗೆ ಬರೋ ಬೆಳಕು ಅಷ್ಟು ಪಕ್ಕಕ್ಕೆ ತಿರುಗುತ್ತೆ. ಮೈನಸ್ 5 ಇರೋ ಕಾಲೇಜ್ ಹುಡುಗಿಗೆ ಸೆಂಟರ್ 4 ಮಿಲಿಮೀಟರ್ ತಪ್ಪಿತು ಅನ್ಕೊಳ್ಳಿ, 0.4 ಗುಣಿಸು 5, ಎರಡು ಪ್ರಿಸಂ. ಡಾಕ್ಟ್ರು ಬರೆದೇ ಇಲ್ಲದ ಪ್ರಿಸಂನ ನಾವು ಅವಳ ಕಣ್ಣಿಗೆ ಕೊಟ್ಟಂಗಾಯ್ತು, ತಲೆನೋವು ಬರುತ್ತೆ, ಅವಳು ಬಂದು ಹೇಳ್ತಾಳೆ, ನಾವು "ಹೊಸ ಪವರ್ ಅಲ್ವಾ, ಎರಡು ವಾರ ಹಾಕಿ ಅಭ್ಯಾಸ ಆಗುತ್ತೆ" ಅಂತ ಕಳಿಸ್ತೀವಿ. ಅಭ್ಯಾಸ ಆಗೋದು ಹೊಸ ಪವರ್‌ಗೆ, ತಪ್ಪು ಸೆಂಟರಿಗೆ ಯಾಕೆ ಅಭ್ಯಾಸ ಆಗ್ಬೇಕು? ತಲೆನೋವು ಅಂತ ವಾಪಸ್ ಬಂದೋರ ಕನ್ನಡಕ ಮೊದಲು ಲೆನ್ಸೋಮೀಟರಲ್ಲಿಟ್ಟು (ಲೆನ್ಸಿನ ಪವರ್, ಸೆಂಟರ್ ಅಳೆಯೋ ಮಷೀನು) ಸೆಂಟರ್ ಡಾಟ್ ಹಾಕಿ ಪಿಡಿ, ಅಂದ್ರೆ ಎರಡು ಪಾಪೆ ನಡುವಿನ ದೂರದ ಜೊತೆ ಹೋಲಿಸಿ ನೋಡ್ಬೇಕು, ಅಭ್ಯಾಸದ ಮಾತು ಆಮೇಲೆ. ಪಿಡಿನೂ ಎರಡೂ ಕಣ್ಣಿಗೆ ಸೇರಿಸಿ 63, 64 ಅಂತ ಬರೆಯೋದಲ್ಲ, ಮೂಗಿನ ಮಧ್ಯದಿಂದ ಬಲಗಣ್ಣಿಗೆ ಎಷ್ಟು ಎಡಗಣ್ಣಿಗೆ ಎಷ್ಟು ಅಂತ ಬೇರೆ ಬೇರೆ, ಯಾಕಂದ್ರೆ ಬಹಳ ಜನರ ಮೂಗು ಕರೆಕ್ಟಾಗಿ ಮಧ್ಯದಲ್ಲಿರಲ್ಲ. ಪ್ರೋಗ್ರೆಸಿವ್ ಆದ್ರೆ ಹೈಟೂ (ಫ್ರೇಮಿನ ಕೆಳಂಚಿಂದ ಪಾಪೆವರೆಗಿನ ಎತ್ತರ) ಬೇಕು, ಫ್ರೇಮ್ ಮುಖಕ್ಕೆ ಸರಿಯಾಗಿ ಕೂರಿಸಿದ ಮೇಲೆ, ಮೂಗಿನ ಪ್ಯಾಡ್ ಅಡ್ಜಸ್ಟ್ ಮಾಡಿದ ಮೇಲೆ, ಅವರ ಕಣ್ಣಿನ ಮಟ್ಟಕ್ಕೇ ನಾವೂ ಕೂತು, ಫ್ರೇಮ್ ಜೊತೆ ಬರೋ ಡೆಮೋ ಲೆನ್ಸ್ ಮೇಲೆ ಪೆನ್ನಲ್ಲಿ ಗುರುತು ಹಾಕ್ಬೇಕು. ನಿಂತ್ಕೊಂಡು ಮೇಲಿಂದ ನೋಡಿ ಗುರುತು ಹಾಕಿದ್ರೆ ಎರಡು ಮೂರು ಮಿಲಿಮೀಟರ್ ಆರಾಮಾಗಿ ತಪ್ಪುತ್ತೆ, ಸಾವಿರಾರು ರೂಪಾಯಿ ಲೆನ್ಸ್ ಪೆಟ್ಟಿಗೆ ಸೇರುತ್ತೆ.

ಈಗ ಬರೋದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ವಿಷಯ, ಕನ್ನಡಕ ಯಾವಾಗ ಕೊಡಬಾರದು ಅನ್ನೋದು. ವ್ಯಾಪಾರ ಮಾಡೋರಿಗೆ ಇದು ಕಲಿಯೋಕೆ ಕಷ್ಟ, ಕಂಪನಿ ಟ್ರೈನಿಂಗಲ್ಲಿ ಇದು ಬರೋದೂ ಇಲ್ಲ.

ಆರು ತಿಂಗಳ ಹಿಂದೆ ಕನ್ನಡಕ ಮಾಡಿಸ್ಕೊಂಡೋರು ಮತ್ತೆ ಬಂದು ಮಸುಕಾಗಿದೆ ಅಂದ್ರೆ, ಚೆಕ್ ಮಾಡಿದಾಗ ಒಂದು ಒಂದೂವರೆ ಪಾಯಿಂಟ್ ಮೈನಸ್ ಕಡೆ ಜಾರಿದೆ ಅಂದ್ರೆ, ಮೊದಲು ಕೇಳಬೇಕಾದ್ದು ಶುಗರ್ ಟೆಸ್ಟ್ ಮಾಡಿಸಿದೀರಾ ಅಂತ. ರಕ್ತದಲ್ಲಿ ಸಕ್ಕರೆ ಏರಿದಾಗ ಕಣ್ಣೊಳಗಿನ ಲೆನ್ಸ್ ಊದ್ಕೊಂಡು ಪವರ್ ಬದಲಾಗುತ್ತೆ, ಮಾತ್ರೆ ಶುರು ಮಾಡಿ ಸಕ್ಕರೆ ಇಳಿಯೋವಾಗ ಮತ್ತೆ ಪ್ಲಸ್ ಕಡೆ ಓಡುತ್ತೆ, ಆ ಹೊತ್ತಲ್ಲಿ ಮಾಡಿಕೊಟ್ಟ ಕನ್ನಡಕ ಕೆಲವೇ ವಾರದಲ್ಲಿ ಉಪಯೋಗಕ್ಕೆ ಬರಲ್ಲ. ಶುಗರ್ ಹತೋಟಿಗೆ ಬಂದು ಕೆಲವು ವಾರ ಒಂದೇ ತರ ನಿಂತ ಮೇಲೆ ಬನ್ನಿ ಅಂತ ಹೇಳಿ ಕಳಿಸಬೇಕು. ಜೊತೆಗೆ ಶುಗರ್ ಇರೋರು ಕಣ್ಣು ಚೆನ್ನಾಗಿ ಕಾಣ್ತಿದ್ರೂ ವರ್ಷಕ್ಕೊಮ್ಮೆ ಕಣ್ಣಿನ ಪರದೆ ಪರೀಕ್ಷೆ ಮಾಡಿಸ್ಲೇಬೇಕು ಅನ್ನೋದನ್ನೂ ಹೇಳಬೇಕು, ಯಾಕಂದ್ರೆ ರೆಟಿನಾಗೆ ಆಗೋ ತೊಂದ್ರೆ ಶುರುವಲ್ಲಿ ನೋವೂ ಕೊಡಲ್ಲ ಮಸುಕೂ ಮಾಡಲ್ಲ.

ಇನ್ನೊಂದು, ಎಪ್ಪತ್ತು ದಾಟಿದ ಅಜ್ಜ ಖುಷಿಯಿಂದ ಬಂದು "ಈಗ ಕನ್ನಡಕ ಇಲ್ದೇನೇ ಪಂಚಾಂಗ ಓದ್ತೀನಿ ಕಣಪ್ಪ" ಅಂತಾರೆ. ಮನೆಯೋರೂ ಹೆಮ್ಮೆಯಿಂದ ಹೇಳ್ಕೊಳ್ತಾರೆ. ಅದು ಬಹಳ ಸಲ ಪೊರೆ ಗಟ್ಟಿ ಆಗ್ತಿರೋ ಲಕ್ಷಣ, ಕಣ್ಣೊಳಗಿನ ಲೆನ್ಸಿನ ನಡುಭಾಗ ಗಟ್ಟಿಯಾಗಿ ಕಣ್ಣು ಮೈನಸ್ ಆಗಿದೆ, ಹತ್ತಿರದ್ದು ಕಾಣುತ್ತೆ, ದೂರದ್ದು ಹೋಗಿದೆ. ಅವರ ಖುಷಿಗೆ ತಣ್ಣೀರು ಎರಚದೆ, ಆದ್ರೆ ಬಿಡದೆ, ಕಣ್ಣಾಸ್ಪತ್ರೆಗೆ ಕಳಿಸೋ ಮಾತು ಹೆಂಗೆ ಆಡೋದು ಅಂತ ಕ್ಲಾಸಲ್ಲಿ ಒಬ್ಬರಿಗೊಬ್ಬರು ಅಜ್ಜ ಆಗಿ ಆಪ್ಟಿಷಿಯನ್ ಆಗಿ ಮಾತಾಡಿ ಪ್ರಾಕ್ಟೀಸ್ ಮಾಡಿದ್ವಿ. ಅದು ಬಹಳ ಉಪಯೋಗ ಆಯ್ತು.

ಮಕ್ಕಳ ವಿಷಯದಲ್ಲಂತೂ ಕೈ ಮುಗಿದು ಕೇಳ್ಕೊಳ್ತೀನಿ, ಕಂಪ್ಯೂಟರ್ ಐ ಟೆಸ್ಟಿಂಗ್ ಮಷೀನಿಂದ ಬಂದ ಚೀಟಿ ನೋಡಿ ಮಗುಗೆ ಮೈನಸ್ ಲೆನ್ಸ್ ಮಾಡಬೇಡಿ. ಮಕ್ಕಳ ಕಣ್ಣಿಗೆ ಫೋಕಸ್ ಶಕ್ತಿ ಜಾಸ್ತಿ, ಮಷೀನ್ ಒಳಗಿನ ಚಿತ್ರ ನೋಡುವಾಗ ಕಣ್ಣು ಬಿಗಿ ಮಾಡ್ಕೊಳ್ತವೆ, ಇಲ್ಲದ ಮೈನಸ್ ತೋರಿಸುತ್ತೆ. ಡ್ರಾಪ್ಸ್ ಹಾಕಿ, ಆ ಬಿಗಿ ಸಡಿಲ ಆದ ಮೇಲೆ ನೋಡೋ ಪವರೇ ನಂಬೋಕೆ ಆಗೋದು, ಆ ಡ್ರಾಪ್ಸ್ ಹಾಕೋ ಕೆಲಸ ನಮ್ದಲ್ಲ, ಡಾಕ್ಟ್ರದ್ದು. ಮೆಗ್ಗಾನ್ ಆಸ್ಪತ್ರೆ ಇದೆ, ತೀರ್ಥಹಳ್ಳಿ ರೋಡಲ್ಲಿ ಹರಕೆರೆಯ ಶಂಕರ ಕಣ್ಣಾಸ್ಪತ್ರೆ ಇದೆ, ಕಳಿಸೋಕೆ ಜಾಗ ಇಲ್ಲ ಅನ್ನೋ ಊರಲ್ಲ ನಮ್ದು. ಒಂದು ಕಣ್ಣು ಮಾತ್ರ ಮಂಕಾಗಿರೋ ಮಗು ಅದನ್ನ ಬಾಯಿಬಿಟ್ಟು ಹೇಳೋದೇ ಇಲ್ಲ, ಇನ್ನೊಂದರಲ್ಲಿ ಚೆನ್ನಾಗಿ ಕಾಣ್ತಿರುತ್ತಲ್ಲ. ಅಂಥ ಸೋಮಾರಿ ಕಣ್ಣಿಗೆ ಏಳೆಂಟು ವರ್ಷದೊಳಗೆ ಚಿಕಿತ್ಸೆ ಶುರುವಾದ್ರೆ ಸಿಗೋ ಫಲ ಆಮೇಲೆ ಸಿಗೋದು ಕಷ್ಟ. ಹಂಗಾಗಿ ಅಮ್ಮನ ಕನ್ನಡಕಕ್ಕೆ ಅಂತ ಬಂದಾಗ ಸೊಂಟದ ಪಕ್ಕ ನಿಂತಿರೋ ಮಗುಗೂ ಒಂದೊಂದೇ ಕಣ್ಣು ಮುಚ್ಚಿ ಚಾರ್ಟ್ ಓದಿಸಿಬಿಡಿ, ಎರಡು ನಿಮಿಷ ಸಾಕು. ಪಾಪೆ ಒಳಗೆ ಬೆಳ್ಳಗೆ ಹೊಳೀತಿದ್ರೆ, ಮೊಬೈಲ್ ಫೋಟೋದಲ್ಲಿ ಒಂದು ಕಣ್ಣು ಬಿಳಿ ಬರುತ್ತೆ ಅಂತ ಮನೆಯೋರು ಹೇಳಿದ್ರೆ, ನಾಳೆ ನಾಡಿದ್ದು ಅನ್ನದೆ ಕಳಿಸಿ, ಅದು ಕಣ್ಣಿನ ಕ್ಯಾನ್ಸರ್ ಇರಬಹುದು.

ದೊಡ್ಡೋರಲ್ಲಿ ಅವತ್ತೇ ಕಳಿಸಬೇಕಾದ್ದು ಅಂದ್ರೆ, ಕಣ್ಣೆದುರು ಮಿಂಚಿದಂಗೆ ಆಗೋದು, ಇದ್ದಕ್ಕಿದ್ದಂಗೆ ಕಪ್ಪು ಚುಕ್ಕೆ ತುಂಬ್ಕೊಳ್ಳೋದು, ಒಂದು ಕಡೆಯಿಂದ ಪರದೆ ಎಳೆದಂಗೆ ಆಗೋದು, ಎರಡೆರಡು ಕಾಣೋದು ಹೊಸದಾಗಿ ಶುರುವಾಗೋದು, ಕೆಂಪು ಜೊತೆ ಜೋರು ನೋವು ಮತ್ತು ಬಲ್ಬ್ ಸುತ್ತ ಬಣ್ಣದ ಬಳೆ ಕಾಣೋದು. ಇದನ್ನ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ನಮ್ಮ ಎಲ್ಲಾ ಅಂಗಡಿಯ ಕೌಂಟರ್ ಒಳಗಡೆ ಅಂಟಿಸಿದೀವಿ.

ನಮ್ಮ ಮಲೆನಾಡಿಗೇ ಅಂತ ಇರೋ ಕೆಲವು ವಿಷಯ ಯಾವ ಪುಸ್ತಕದಲ್ಲೂ ಒಟ್ಟಿಗೆ ಸಿಗಲ್ಲ, ಅದನ್ನ ನಾವೇ ಕೂಡಿಸ್ಕೊಳ್ಳಬೇಕು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀತಾರೆ, ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, 100 ಲೀಟರ್ ನೀರು. ಈಗ ಮರ ಹತ್ತೋರು ಕಡಿಮೆ ಆಗಿ ಕೆಳಗೆ ನಿಂತೇ ಫೈಬರ್ ದೋಟಿಯಲ್ಲಿ ಹೊಡೆಯೋದು ಜಾಸ್ತಿ ಆಗಿದೆ, ತಲೆ ಪೂರ್ತಿ ಮೇಲೆತ್ತಿ ನೋಡ್ಬೇಕು, ಮಾಮೂಲಿ ಕನ್ನಡಕದ ಮೇಲಂಚಿನಾಚೆ ನೋಟ ಹೋಗುತ್ತೆ, ಹನಿ ನೇರ ಕಣ್ಣಿಗೆ ಬೀಳುತ್ತೆ. ಸುಣ್ಣ ಕಣ್ಣಿಗೆ ಬಿದ್ರೆ ಆಸಿಡ್‌ಗಿಂತ ಆಳಕ್ಕೆ ಸುಡುತ್ತೆ. ಬಿದ್ದ ತಕ್ಷಣ ಅಲ್ಲೇ ತೋಟದಲ್ಲೇ ಸ್ವಚ್ಛ ನೀರಲ್ಲಿ ರೆಪ್ಪೆ ಅಗಲಿಸಿ ಅರ್ಧ ಗಂಟೆ ತೊಳೀತಾನೇ ಇರಬೇಕು, ಆಮೇಲೆ ಆಸ್ಪತ್ರೆಗೆ ಓಡಬೇಕು, ಓಡಿ ಆಮೇಲೆ ತೊಳೆಯೋದಲ್ಲ. ಜೂನ್ ಬರೋಕ್ಕೆ ಮುಂಚೆನೇ ಪಕ್ಕ ಮುಚ್ಚೋ ಸೇಫ್ಟಿ ಗಾಗಲ್ ಅಂಗಡಿಯಲ್ಲಿ ಇಟ್ಕೊಳ್ಳಿ, ಪವರ್ ಇರೋರಿಗೆ ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಲೆನ್ಸ್ ಹಾಕಿ ದೊಡ್ಡ ಫ್ರೇಮಲ್ಲಿ ಮಾಡಿಕೊಡಿ.

ಭತ್ತದ ಕೊಯ್ಲಲ್ಲಿ ಕಣ್ಣಿಗೆ ಹುಲ್ಲಿನ ಗರಿ ಹೊಡೆದೋರು ಬರ್ತಾರೆ. ಎರಡು ದಿನ ನಂದಿಬಟ್ಟಲು ಹೂವಿನ ರಸ ಹಾಕಿರ್ತಾರೆ, ಇಲ್ಲಾ ಯಾರೋ ಕೊಟ್ಟ ಹಳೇ ಡ್ರಾಪ್ಸ್ ಹಾಕಿರ್ತಾರೆ. ಗಿಡ ಹುಲ್ಲು ತಾಗಿದ ಗಾಯಕ್ಕೆ ಫಂಗಸ್ ಹತ್ತೋದು ನಮ್ಮಂಥ ಕೃಷಿ ಊರಲ್ಲಿ ಸಾಮಾನ್ಯ, ಅದಕ್ಕೆ ಸ್ಟಿರಾಯ್ಡ್ ಇರೋ ಡ್ರಾಪ್ಸ್ ಬಿದ್ರೆ ಕರಿಗುಡ್ಡೆ ಕರಗೋ ಮಟ್ಟಕ್ಕೆ ಹೋಗುತ್ತೆ. ಅಜ್ಜಿ ಔಷಧಿ ಬಗ್ಗೆ ಬೈಯೋಕೆ ಹೋದ್ರೆ ಅವರು ಮುಂದಿನ ಸಲ ನಮ್ಮ ಹತ್ರಾನೂ ಬರಲ್ಲ, ಹಂಗಾಗಿ "ಇದುವರೆಗೆ ಏನೇನು ಹಾಕಿದೀರಿ" ಅಂತ ಸಮಾಧಾನದಿಂದ ಕೇಳಿ, ಒಂದು ಚೀಟಿಯಲ್ಲಿ ಬರೆದು ಡಾಕ್ಟ್ರಿಗೆ ತೋರಿಸಿ ಅಂತ ಕೊಟ್ಟು ಕಳಿಸೋದು ಒಳ್ಳೇದು. ಇನ್ನು ಜನವರಿಯಿಂದ ಮೇ ಒಳಗೆ ಕಾಡಂಚಿನ ಹಳ್ಳಿಯವರು ಜ್ವರ, ತಲೆನೋವು, ಮೈಕೈ ನೋವು ಜೊತೆಗೆ ಕೆಂಪು ಕಣ್ಣು ಅಂತ ಬಂದ್ರೆ ಕಣ್ಣಿನ ಮಾತು ಬಿಟ್ಟು ಮೊದಲು ಆರೋಗ್ಯ ಕೇಂದ್ರಕ್ಕೆ ಕಳಿಸಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಗುರುತಾದ ಮಂಗನ ಕಾಯಿಲೆ ಇನ್ನೂ ನಮ್ಮ ಜೊತೆಗೇ ಇದೆ, ಅದರಲ್ಲೂ ಕಣ್ಣು ಕೆಂಪಾಗುತ್ತೆ.

ಸರ್ವಿಸ್ ಅಂದ್ರೆ ಕಾಫಿ ಕೊಡೋದು, ಎಸಿ ಹಾಕೋದು ಅಂತ ಬಹಳ ಜನ ಅನ್ಕೊಂಡಿದಾರೆ. ನಂಗೆ ಬೇರೆ ತರ ಅನ್ಸುತ್ತೆ. ಅಂಗಡಿಯಲ್ಲಿ ಬೇರೆ ಜನ ಕೂತಿರುವಾಗ ಹಿರಿಯರೊಬ್ಬರಿಗೆ "ಓದೋಕೆ ಬರುತ್ತಾ?" ಅಂತ ಜೋರಾಗಿ ಕೇಳೋದು ಅವಮಾನ ಮಾಡಿದಂಗೆ, ಅದರ ಬದಲು ಎಲ್ರಿಗೂ ಮೊದಲು ಇ ಚಾರ್ಟ್ (ಇಂಗ್ಲಿಷಿನ E ಅಕ್ಷರ ಬೇರೆ ಬೇರೆ ಕಡೆ ತಿರುಗಿರೋದು) ತೋರಿಸಿ ಕಡ್ಡಿ ಯಾವ ಕಡೆ ತಿರುಗಿದೆ ಅಂತ ಕೈಯಲ್ಲೇ ತೋರ್ಸಿ ಅಂದ್ರಾಯ್ತು, ಯಾರಿಗೆ ಓದು ಬರುತ್ತೆ ಬರಲ್ಲ ಅನ್ನೋ ಪ್ರಶ್ನೆನೇ ಏಳಲ್ಲ. ಕಿವಿ ಮಂದ ಇರೋರ ಎದುರು ಮಾಸ್ಕ್ ಹಾಕ್ಕೊಂಡು ಮಾತಾಡಬಾರದು. ಪವರ್ ಮತ್ತು ಪಿಡಿ ಚೀಟಿಯಲ್ಲಿ ಬರೆದು ಕೈಗೆ ಕೊಡಬೇಕು, ಅದು ಅವರ ಕಣ್ಣಿನ ವಿವರ, ಬೇರೆ ಅಂಗಡಿಗೆ ಹೋಗಿ ಮಾಡಿಸ್ಕೊಂಡ್ರೂ ಪರ್ವಾಗಿಲ್ಲ. ನೀಲಿ ಬೆಳಕು ತಡೆಯೋ ಬ್ಲೂ ಕಟ್ ಲೆನ್ಸ್ ಹಾಕಿದ್ರೆ ಮೊಬೈಲಿಂದ ಕಣ್ಣು ಹಾಳಾಗಲ್ಲ ಅಂತ ಹೇಳಿ ಮಾರೋದನ್ನ ನಾವು ನಿಲ್ಲಿಸಿದೀವಿ, 2023ರಲ್ಲಿ ಇದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನ ಪರಿಶೀಲಿಸೋ ಸಂಸ್ಥೆ) ವರದಿ, ಸ್ಕ್ರೀನ್ ನೋಡೋರ ಕಣ್ಣಿನ ಆಯಾಸಕ್ಕೆ ಇದರಿಂದ ಸಾಮಾನ್ಯ ಲೆನ್ಸಿಗಿಂತ ವಿಶೇಷ ಪ್ರಯೋಜನ ಬಹುಶಃ ಇಲ್ಲ ಅಂತ ಹೇಳ್ತು. ಗಿರಾಕಿ ತಾವಾಗೇ ಕೇಳಿದ್ರೆ ಇದನ್ನೇ ಹೇಳಿ, ಆಮೇಲೂ ಬೇಕು ಅಂದ್ರೆ ಕೊಡ್ತೀವಿ.

ಮಳೆಗಾಲದಲ್ಲಿ ಒಂದು ಕೆಲಸ ಇದೆ, ದುಡ್ಡಿಲ್ಲದ್ದು, ಆದ್ರೆ ಜನ ಇದನ್ನ ಮರೆಯಲ್ಲ. ಆಗುಂಬೆ ಕಡೆಯೋರ ಮೆಟಲ್ ಫ್ರೇಮ್ ತೆಗೆದು ನೋಡಿ, ಮೂಗಿನ ಪ್ಯಾಡ್ ಹಿಂದೆ ಹಸಿರು ಕಿಲುಬು ಕಟ್ಟಿರುತ್ತೆ, ಸ್ಕ್ರೂ ತುಕ್ಕು ಹಿಡಿದು ತಿರುಗಲ್ಲ. ಫ್ರೇಮಲ್ಲಿರೋ ತಾಮ್ರಕ್ಕೆ ಬೆವರು ತೇವ ಸೇರಿ ಆಗೋದು ಅದು. ಪ್ಯಾಡ್ ಬಿಚ್ಚಿ, ಸೋಪ್ ನೀರಲ್ಲಿ ಮೆತ್ತನೆ ಬ್ರಷ್ ಹಾಕಿ ತಿಕ್ಕಿ, ಹೊಸ ಪ್ಯಾಡ್ ಹಾಕಿ, ಕಡ್ಡಿ ಕಿವಿಗೆ ಸರಿಯಾಗಿ ಬಗ್ಗಿಸಿ ಕೊಡಿ. ಕೊಡುವಾಗ, ಲೆನ್ಸನ್ನ ಒಣಗಿದ್ದಾಗ ಸೆರಗಲ್ಲೋ ಟವೆಲಲ್ಲೋ ಒರೆಸಬೇಡಿ, ಮೊದಲು ನಲ್ಲಿ ನೀರಿಗೆ ಹಿಡಿದು ಧೂಳು ಹೋದ ಮೇಲೆ ಒರೆಸಿ ಅಂತ ಹೇಳಿ. ಕಣ್ಣು ಬೇನೆ ಹರಡ್ತಿರೋ ಟೈಮಲ್ಲಂತೂ ಪವರ್ ನೋಡೋಕೆ ಹಾಕೋ ಟ್ರಯಲ್ ಫ್ರೇಮ್, ಮಷೀನಿನ ಗಲ್ಲ ಇಡೋ ಜಾಗ ಪ್ರತಿಯೊಬ್ಬರಾದ ಮೇಲೂ ಸ್ಪಿರಿಟಲ್ಲಿ ಒರೆಸೋದು ಕಡ್ಡಾಯ.

ಕಾನೂನು ಏನು ಹೇಳುತ್ತೆ ಅಂತ ಕೆಲವರು ಕೇಳಿದ್ರು. ಇಂಗ್ಲೆಂಡಲ್ಲಿ ಡಿಸ್ಪೆನ್ಸಿಂಗ್ ಆಪ್ಟಿಷಿಯನ್ (ಚೀಟಿ ನೋಡಿ ಕನ್ನಡಕ ಮಾಡಿಕೊಡೋರು) ಆಗಿ ರಿಜಿಸ್ಟರ್ ಆದೋರು ಮೂರು ವರ್ಷದ ಸುತ್ತಲ್ಲಿ ಇಷ್ಟು ಅಂತ ಕಲಿಕೆಯ ಪಾಯಿಂಟ್ ತೋರಿಸ್ಲೇಬೇಕು, ಇಲ್ದಿದ್ರೆ ರಿಜಿಸ್ಟ್ರೇಷನ್ ಉಳಿಯಲ್ಲ. ನಮ್ಮಲ್ಲಿ 2021ರಲ್ಲಿ ಬಂದ ಅಲೈಡ್ ಹೆಲ್ತ್ (ಡಾಕ್ಟ್ರು, ನರ್ಸ್ ಬಿಟ್ಟು ಬೇರೆ ಆರೋಗ್ಯ ಕೆಲಸದೋರ) ಕಾಯ್ದೆಯಲ್ಲಿ ಆಪ್ಟೋಮೆಟ್ರಿಸ್ಟ್, ಆಪ್ತಾಲ್ಮಿಕ್ ಅಸಿಸ್ಟೆಂಟ್, ವಿಷನ್ ಟೆಕ್ನಿಷಿಯನ್ ಇವರೆಲ್ಲ ಸೇರಿದಾರೆ, ಅದು ಬಹಳ ಒಳ್ಳೇದಾಯ್ತು. ಆದ್ರೆ ಹಳೇ ಅಂಗಡಿಯಲ್ಲಿ ಬೆಳೆದ ಫಿಟ್ಟಿಂಗ್ ಹುಡುಗನಿಗೆ ಕಲಿಸೋ ಜವಾಬ್ದಾರಿ ಅಂಗಡಿ ಮಾಲೀಕರದ್ದೇ ಅಂತ ನಾನು ನಂಬಿದೀನಿ, ಅದಕ್ಕೆ ಸರ್ಕಾರದ ಆರ್ಡರ್ ಬರ್ಲಿ ಅಂತ ಕಾಯೋದು ಬೇಡ.

ಮುಂದಿನ ಕ್ಲಾಸು ಮಕ್ಕಳ ಫ್ರೇಮ್ ಬಗ್ಗೆ, ಶಾಲೆ ಶುರುವಾಗೋ ಮುಂಚೆ ಮೇ ತಿಂಗಳಲ್ಲೇ ಮುಗಿಸ್ಬೇಕು ಅಂತ ಇದೀವಿ. ಚಪ್ಪಟೆ ಮೂಗಿನ ಪುಟ್ಟ ಮಕ್ಕಳಿಗೆ ಫ್ರೇಮ್ ಜಾರದಂಗೆ ಕೂರಿಸೋದು, ದಿನಕ್ಕೆ ಎರಡು ಗಂಟೆ ಬಯಲಲ್ಲಿ ಆಡಿದ್ರೆ ಮೈನಸ್ ಶುರುವಾಗೋ ಸಾಧ್ಯತೆ ಕಡಿಮೆ ಆಗುತ್ತೆ ಅನ್ನೋದನ್ನ ಅಪ್ಪ ಅಮ್ಮಂದಿರಿಗೆ ಹೇಳೋದು, "ಹೆಣ್ಣು ಮಗು, ಈಗ್ಲೇ ಕನ್ನಡಕ ಹಾಕಿದ್ರೆ ಮುಂದೆ ಮದುವೆಗೆ ಕಷ್ಟ" ಅನ್ನೋ ತಾಯಂದಿರ ಹತ್ರ ಹೆಂಗೆ ಮಾತಾಡೋದು, ಇಷ್ಟು ವಿಷಯ. ಸಾಗರ, ಸೊರಬ, ಶಿಕಾರಿಪುರ ಕಡೆಯ ಅಂಗಡಿಯವರು ಯಾರಾದ್ರೂ ಬರೋದಾದ್ರೆ ನಿಮ್ಮ ಫಿಟ್ಟಿಂಗ್ ಹುಡುಗರನ್ನೂ ಕರ್ಕೊಂಡು ಬನ್ನಿ, ನಿಮ್ಮಲ್ಲಿ ತಲೆನೋವು ಅಂತ ವಾಪಸ್ ಬಂದಿರೋ ಕನ್ನಡಕ ಇದ್ರೆ ಚೀಟಿ ಸಮೇತ ತನ್ನಿ, ಲೆನ್ಸೋಮೀಟರಲ್ಲಿಟ್ಟು ಎಲ್ರೂ ಕೂತು ನೋಡೋಣ.